‘ಕೇಳಿ’ ಎಂದು ಬರೆದ ಚೀಟಿ

ನಮ್ಮ ಸೋದರಮಾವ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಎಲ್ಲರ ಬಾಯಲ್ಲೂ ಅವರು ರಟ್ಟುಮಾವ. ಹರಿದು ಬಂದ ಪುಸ್ತಕದ ಒಂದು ಪುಟವನ್ನಾದರೂ ಓದದೆ ಸೂಜಿಗೆ ದಾರ ಪೋಣಿಸಿದವರಲ್ಲ. “ಒಳಗೆ ಯಾರಿದ್ದಾರೆ ಅಂತ ತಿಳೀದೆ ಬಾಗಿಲು ಹಾಕೋದು ಹೇಗೆ?” ಎನ್ನುವರು.

ಅಂಥವರಿಗೆ ಹೋದ ವರ್ಷ ಒಂದು ಕಂಪನಿ ತಿರುಗುಮುರುಗಾದ ಕೆಲಸ ಕೊಟ್ಟಿತು. ಕೊಂಡು ತಂದ ಸಾವಿರಾರು ಪುಸ್ತಕಗಳ ಬೆನ್ನು ಕತ್ತರಿಸಿ ಹಾಳೆ ಬಿಡಿಸಬೇಕು. ಅವನ್ನು ಸ್ಕ್ಯಾನ್ ಮಾಡಿ, ಮಾತು ಕಲಿಯುವ ಯಂತ್ರಕ್ಕೆ ಓದಿಸುತ್ತಾರೆ. ನಮ್ಮ ಇಡೀ ಜನ್ಮಕ್ಕೆ ಮುಗಿಯದ ಓದು ಅದಕ್ಕೆ ಒಂದು ದಿನದ್ದಂತೆ. ನನಗೆ ಮೈ ಜುಮ್ಮೆಂದಿತು.

ಮೂರನೆಯ ದಿನ ಮಾವನ ಕೈಗೆ ಪಕ್ಕದ ಬೀದಿಯ ನರ್ಸಮ್ಮನ ಪುಸ್ತಕ ಬಂತು. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದವರು ಆಡಿದ ಮಾತುಗಳನ್ನು ಆಕೆ ಬರೆದಿಟ್ಟು ಅಚ್ಚು ಹಾಕಿಸಿದ್ದರು. ಮಾವ ಕತ್ತರಿಸಲಿಲ್ಲ. ಚೀಟಿಯಲ್ಲಿ ಆಕೆಯ ವಿಳಾಸ ಬರೆದು, ಕೆಳಗೆ ‘ಕೇಳಿ’ ಎಂದು ಸೇರಿಸಿ, ಪುಸ್ತಕದಲ್ಲಿಟ್ಟು ವಾಪಸು ಕಳಿಸಿದರು.

ಮರುದಿನವೇ ಕಂಪನಿಯ ಗುಮಾಸ್ತೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆ ಪುಸ್ತಕ ಹಿಡಿದು ಅಂಗಡಿಗೆ ಬಂದು ದಾರಿ ಕೇಳಿದರು. ಮಾವನೂ ನಾನೂ ಜೊತೆಗೆ ಹೋದೆವು. ನರ್ಸಮ್ಮನ ಮುಂದೆ ಗುಮಾಸ್ತೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಕೂತರು. “ನೀವು ಓದ್ತೀರಂತಲ್ಲ, ಕೇಳಿ ಅಂತ ಬರೆದಿದ್ದಾರೆ.”

ಮಾವ ಹಣೆ ಚಚ್ಚಿಕೊಂಡರು. “ಅಯ್ಯೋ ತಾಯಿ, ಕಿವೀಲಿ ಕೇಳೋದಲ್ಲ, ಬಾಯಲ್ಲಿ ಕೇಳೋದು! ಕೊಡ್ತೀರಾ ಅಂತ!”

ನರ್ಸಮ್ಮ ನಕ್ಕುಬಿಟ್ಟರು. “ಬಂದಿದ್ದೀಯಲ್ಲಮ್ಮ, ಎರಡೂ ಕೇಳು.”

ತಮ್ಮಲ್ಲಿದ್ದ ಪ್ರತಿ ತೆರೆದು ಓದತೊಡಗಿದರು. ಲಾರಿ ಡ್ರೈವರ್ ಒಬ್ಬ ಹೇಳಿದ್ದನಂತೆ: “ಆ ಗಡಿಯಾರ ಗೋಡೆ ಕಡೆ ತಿರುಗಿಸಿ ಸಿಸ್ಟರ್, ನನಗೇನೂ ಅವಸರ ಇಲ್ಲ.” ಗುಮಾಸ್ತೆ ತಾನಾಗಿಯೇ ರೆಕಾರ್ಡಿಂಗ್ ನಿಲ್ಲಿಸಿದರು.

“ಕಾನೂನು ಪ್ರಕಾರ ಕೇಳಬೇಕಾಗಿಲ್ಲ ಅಂತಾರೆ ನಮ್ಮ ಸಾಹೇಬರು. ಕೊಂಡ ಪುಸ್ತಕ, ಅದರಿಂದ ಕಲಿಯೋದು ನ್ಯಾಯವಾದ ಬಳಕೆಯಂತೆ. ಆದ್ರೂ ಕೇಳ್ತೀನಿ. ಕೊಡ್ತೀರಾ ಅಮ್ಮ?”

“ಕಾನೂನು ನಂಗೆ ತಿಳಿಯಲ್ಲ ಮಗಳೇ. ಇವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿಯೇ ಬರೆದದ್ದು. ಪುಸ್ತಕಕ್ಕೆ ಅಂತ ಒಪ್ಪಿದ್ರು. ಯಂತ್ರಕ್ಕೆ ಕೊಡ್ಲಾ ಅಂತ ಈಗ ಎಲ್ಲಿ ಹೋಗಿ ಕೇಳ್ಲಿ? ಬೇಡ.”

ಗುಮಾಸ್ತೆ ಚೀಟಿಯ ಮೇಲೆ ‘ಬೇಡ’ ಎಂದು ಬರೆದುಕೊಂಡು, ತಾನು ತಂದಿದ್ದ ಪುಸ್ತಕವನ್ನು ನರ್ಸಮ್ಮನ ಮಡಿಲಲ್ಲಿಟ್ಟರು.

ಲೋಕದ ಪುಸ್ತಕಗಳನ್ನೆಲ್ಲ ನುಂಗಬಲ್ಲ ಯಂತ್ರ ಎರಡು ಅಕ್ಷರದ ಮುಂದೆ ನಿಂತಿತ್ತು. ದೇವರೇ, ಮಾತಿನೊಳಗೆ ಏನೇನು ಇಟ್ಟಿದ್ದೀಯಪ್ಪ ಎಂದುಕೊಂಡೆ.

ಅಂಗಡಿಗೆ ಮರಳಿದ ಮಾವ ಕತ್ತರಿಸುವ ಮಶೀನಿನ ಸ್ವಿಚ್ ಮುಟ್ಟಲಿಲ್ಲ. ರಾಶಿಯ ಮೇಲಿನ ಪುಸ್ತಕದ ಎರಡನೆಯ ಪುಟ ತೆರೆದು ನನ್ನತ್ತ ಚಾಚಿದರು.

“ಅಕ್ಷರ ಸಣ್ಣದು. ಇದನ್ನ ಬರೆದವರ ವಿಳಾಸ ಓದಮ್ಮ, ಚೀಟೀಲಿ ಬರ್ಕೋತೀನಿ.”