ಕರಿ ಮುಸಿಯ

ಟ್ಯೂಬಿನ ಮೇಲೆ ಹೆಸರು ಬರೆದವಳು ನಾನು, ಬೈಸಿಕೊಂಡವಳು ಅವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದು.

ಅವಳು ಎಂದರೆ ನನ್ನ ಗೆಳತಿ, ದಾವಣಗೆರೆ ಕಡೆಯವಳು. ಇಬ್ಬರೂ ಚಿಕ್ಕಮಗಳೂರಿನ ಸಣ್ಣ ಲ್ಯಾಬೊಂದರಲ್ಲಿ ಒಬ್ಬರೇ ಮೇಡಂ ಕೈಕೆಳಗಿದ್ದೆವು. ನಮ್ಮ ಬೆಟ್ಟಗಳ ಮಂಗ, ಕಪ್ಪು ಮುಖದ ಮುಸಿಯ, ಸಿಂಗಳೀಕಗಳ ಹಿಕ್ಕೆಯಿಂದ ಡಿಎನ್‌ಎ ತೆಗೆದು, ಒಂದೇ ಜೀನಿನ ಅಕ್ಷರಸಾಲನ್ನು ಪಕ್ಕಪಕ್ಕ ಇಟ್ಟು ನೋಡುವುದು ಕೆಲಸ. ವ್ಯತ್ಯಾಸ ಕಡಿಮೆಯಿದ್ದರೆ ಹತ್ತಿರದ ನೆಂಟರು, ಹೆಚ್ಚಿದ್ದರೆ ಕವಲೊಡೆದು ಬಹಳ ಕಾಲವಾಗಿದೆ ಎಂದರ್ಥ. ವಯಸ್ಸು ಗೊತ್ತಿರುವ ಪಳೆಯುಳಿಕೆಯೊಂದನ್ನು ಅಳತೆಗೆ ಇಟ್ಟುಕೊಂಡರೆ ಎಷ್ಟು ಲಕ್ಷ ವರ್ಷವೆಂದೂ ಅಂದಾಜು ಮಾಡಬಹುದು.

ಹಿಕ್ಕೆ ಹೆಕ್ಕುವುದು ನನ್ನ ಪಾಲು, ಯಂತ್ರದಲ್ಲಿ ಅಕ್ಷರ ಓದಿಸುವುದು ಅವಳ ಪಾಲು. ಕೊಟ್ಟಿಗೆಹಾರದಿಂದ ದೇವರಮನೆವರೆಗೆ ಇಂಬಳಕ್ಕೆ ರಕ್ತ ಕೊಟ್ಟವಳು ನಾನು. ಬಿಳಿ ಕೋಟು ಹಾಕಿ ಫೋಟೋಗೆ ನಿಂತವಳು ಅವಳು. ಅವಳ ಕೈ ಬಹಳ ಚೊಕ್ಕ ಎಂದು ಮೇಡಂ ಹೇಳದ ದಿನವಿರಲಿಲ್ಲ. ಬುದ್ಧಿಯಿಲ್ಲದೆ ಒಮ್ಮೆ ಅವಳನ್ನು ಮೂಡಿಗೆರೆಯ ನಮ್ಮ ಮನೆಗೂ ಕರೆದುಕೊಂಡು ಹೋದೆ. ಅಮ್ಮ ಅವಳ ತಟ್ಟೆಗೆ ಮತ್ತೆರಡು ಕಡುಬು ಹಾಕಿ, ಎಷ್ಟು ನಯದ ಹುಡುಗಿ, ನೋಡಿ ಕಲಿ ಎಂದು ನನಗೆ ಹೇಳಿದರು. ಹೊಟ್ಟೆಕಿಚ್ಚು ಎಂಬ ಮಾತಿನಲ್ಲಿ ಹೊಟ್ಟೆ ಯಾಕಿದೆ ಎಂದು ಅವತ್ತು ಗೊತ್ತಾಯಿತು.

ಆ ವರ್ಷದ ಕೊನೆಗೆ ದೊಡ್ಡ ಸಭೆಯೊಂದರಲ್ಲಿ ನಾವು ಬರೆದ ಈ ಕೋತಿಗಳ ವಂಶವೃಕ್ಷವನ್ನು ಮಂಡಿಸುವ ಅವಕಾಶ ಒಬ್ಬರಿಗೆ ಮಾತ್ರ ಇತ್ತು. ಅದು ಅವಳಿಗೇ ಎಂದು ಮೇಡಂ ಹೇಳಿಯೂ ಆಗಿತ್ತು.

ಅಷ್ಟರಲ್ಲಿ ಒಂದು ಟ್ಯೂಬು ಎಡವಟ್ಟಾಯಿತು. ಪಟ್ಟಿಯಲ್ಲಿ ಮುಸಿಯ ಎಂದಿದ್ದದ್ದು, ಓದಿಸಿದಾಗ ಸಿಂಗಳೀಕಗಳ ಜೊತೆ ಹೋಗಿ ಕೂತಿತು. ಸಿಂಗಳೀಕ ಮೈಯೆಲ್ಲ ಕಪ್ಪಾದರೂ ಮಂಗದ ಕವಲಿನದು, ಮುಸಿಯದ ಕವಲು ಎಷ್ಟೋ ಹಿಂದೆ ಬೇರೆಯಾದದ್ದು. ಅವಳೇ ಟ್ಯೂಬು ಅದಲುಬದಲು ಮಾಡಿದ್ದಾಳೆಂದು ಮೇಡಂ ತೀರ್ಮಾನಿಸಿದರು. ಇದೇ ಹೀಗಾದರೆ ಉಳಿದದ್ದನ್ನು ನಂಬುವುದು ಹೇಗೆಂದು ಎಲ್ಲವನ್ನೂ ಮೊದಲಿಂದ ಮಾಡಲು ಹೇಳಿದರು. ಸಭೆಗೆ ತಯಾರಾಗು ಎಂದದ್ದು ನನಗೆ.

ನನಗೆ ಕಾರಣ ಗೊತ್ತಿತ್ತು. ಆ ಹಿಕ್ಕೆ ತೋರಿಸಿದವರು ಕಳಸದ ಕಡೆಯ ಎಸ್ಟೇಟೊಂದರ ವಯಸ್ಸಾದ ಮೇಸ್ತ್ರಿ.

"ಇದು ಕರಿ ಮುಸಿಯಂದು ಕಣಮ್ಮ. ಬಾಲದ ತುದೀಲಿ ಕುಚ್ಚಿರುತ್ತಲ್ಲ, ಅದ್ರದ್ದು" ಎಂದಿದ್ದರು.

ಕುಚ್ಚಿನ ಬಾಲವೆಂದರೆ ಸಿಂಗಳೀಕವೇ. ಅವರ ಬಾಯಲ್ಲಿ ಆ ಹೆಸರು ಚೆಂದ ಕೇಳಿಸಿತೆಂದು ಟ್ಯೂಬಿನ ಮೇಲೆ ಹಾಗೇ ಬರೆದೆ. ಲ್ಯಾಬಿಗೆ ಬಂದ ಮೇಲೆ ಬಿಡಿಸಿ ಹೇಳುವುದನ್ನು ಮರೆತೆ. ಮುಸಿಯದ ಮುಖ ಹೇಗೂ ಕಪ್ಪಲ್ಲವೇ ಎಂದುಕೊಂಡು ಅವಳು 'ಕರಿ' ಬಿಟ್ಟು ಬರೀ 'ಮುಸಿಯ' ಎಂದು ಪಟ್ಟಿಗೆ ಏರಿಸಿದ್ದಳು.

ಒಂಬತ್ತು ದಿನ ನಾನು ಬಾಯಿ ಬಿಡಲಿಲ್ಲ. ಅವಳು ಊಟ ಬಿಟ್ಟು ಟ್ಯೂಬುಗಳ ಮುಂದೆ ಕೂತದ್ದನ್ನು ನೋಡಿ ಖುಷಿಪಟ್ಟೆ. ಮುಚ್ಚಿಡುವುದೇನು, ಖುಷಿಯೇ. ಹತ್ತನೆಯ ದಿನ ಮಧ್ಯಾಹ್ನ ಅವಳು ಆ ಟ್ಯೂಬನ್ನು ತಂದು ನನ್ನ ಮುಂದಿಟ್ಟಳು.

"ನೀನು ಈ ಕಡೆಯೋಳು. ಕರಿ ಮುಸಿಯ ಅಂತ ನೀನೇ ಬರ್ದಿದೀಯ ಅಂದ್ಮೇಲೆ ಅದು ಮುಸಿಯನೇ. ತಪ್ಪು ನಂದೇ ಕಣೆ."

ನನಗೆ ಅವಳ ಮುಖ ನೋಡಲಾಗಲಿಲ್ಲ. ಎದ್ದು ಹೋಗಿ ಮೇಡಂಗೆ ಎಲ್ಲ ಹೇಳಿದೆ, ಒಂಬತ್ತು ದಿನದ ಸಂಗತಿಯನ್ನೂ. ಸಭೆಗೆ ಅವಳೇ ಹೋದಳು, ಚೆನ್ನಾಗಿ ಮಾತಾಡಿದಳಂತೆ. ಅದನ್ನು ಕೇಳಿ ಮತ್ತೆ ಹೊಟ್ಟೆ ಉರಿಯಿತು, ಆ ಮಾತು ಬೇರೆ.

ಅವಳು ನನ್ನ ಮೇಲೆ ರೇಗಲಿಲ್ಲ. ಈಗಲೂ ಒಟ್ಟಿಗೇ ಕೆಲಸ, ಒಟ್ಟಿಗೇ ಊಟ. ಆದರೆ ನಾನು ತಂದ ಪ್ರತಿ ಟ್ಯೂಬನ್ನೂ ಬೆಳಕಿಗೆ ಹಿಡಿದು, ಇದು ಏನೆಂದು ಸರಿಯಾಗಿ ಗೊತ್ತಾ ಎಂದು ಕೇಳುತ್ತಾಳೆ. ಮೊದಲು ಕೇಳುತ್ತಿರಲಿಲ್ಲ.