ಎರ್ಮಿಂಡಾಳ ಖಾಲಿ ಖಾನೆ

ಚಿಲಿಯ ದಕ್ಷಿಣದಲ್ಲಿರುವ ನಮ್ಮ ದ್ವೀಪದ ಪುರಸಭೆಯಲ್ಲಿ ಅನ್ಸೆಲ್ಮೊ ಬಾರ್ರಿಯಾ ನೌಟೊ ಎಂಬ ಮಹಾವೀರನಿದ್ದಾನೆ. ಅವನ ರಥ ಒಂದು ಕಿರುಗುಟ್ಟುವ ಕುರ್ಚಿ. ಅಸ್ತ್ರ, ಆರ್ ಎಂಬ ಒಂದೇ ಅಕ್ಷರದ ಹೆಸರಿನ, ಕಂಪ್ಯೂಟರಿಗೆ ಅರ್ಥವಾಗುವ ಲೆಕ್ಕದ ಭಾಷೆ. ಊರವರ ವಿವರ ತುಂಬಿದ ಎಂಥ ಉದ್ದದ ಕೋಷ್ಟಕವನ್ನೂ ಅವನು ನಾಲ್ಕು ಸಾಲಿನ ಆಜ್ಞೆಯಲ್ಲಿ ಮಂಡಿಯೂರಿಸುತ್ತಾನೆ. ಅವನಿಗಿದ್ದ ಒಂದೇ ವೈರಿ ಖಾಲಿ ಖಾನೆ. ಯಾವುದೇ ಕೋಷ್ಟಕ ಕೈಗೆ ಬರಲಿ, ಅವನ ಮೊದಲ ಆಜ್ಞೆ ಇದು: ಖಾಲಿ ಖಾನೆಯಿರುವ ಸಾಲುಗಳನ್ನೆಲ್ಲ ಕಿತ್ತುಹಾಕು.

ಈ ಸಲ ಚಳಿಗಾಲಕ್ಕೆ ಮುಂಚೆ ಪುರಸಭೆಯವರು ಹೊಗೆಯುಗುಳುವ ಹಳೆಯ ಸೌದೆ ಒಲೆಗಳ ಬದಲು ಹೊಸ ಒಲೆ ಕೊಡಲು ಹೊರಟರು. ವಯಸ್ಸು, ಕೆಮ್ಮು, ಒಲೆಯ ಹಳಮೆ ನೋಡಿ ಅಂಕ ಹಾಕಿ ಪಟ್ಟಿ ಮಾಡಿದವನು ಅನ್ಸೆಲ್ಮೊ. ಪಟ್ಟಿ ಗೋಡೆಗೇರಿತು. ಒಲೆಗಳು ದೋಣಿಯಿಂದ ಇಳಿಯುವುದೊಂದೇ ಬಾಕಿ.

ಪಕ್ಕದ ಮನೆಯ ಎರ್ಮಿಂಡಾ ಅವನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳು. ಅವಳ ಅಡುಗೆಮನೆಯಲ್ಲಿ ಕೂತು ಸೋರೆಬುರುಡೆಯಿಂದ ಮಾಟೆ ಎಂಬ ಎಲೆಯ ಕಷಾಯ ಹೀರುವುದು ಅವನ ದಿನಚರಿ. ಬುರುಡೆ ಹಿಂತಿರುಗಿಸುವಾಗ ‘ಗ್ರಾಸಿಯಾಸ್’ ಎಂದು ಧನ್ಯವಾದ ಹೇಳಿದರೆ ನಮ್ಮಲ್ಲಿ ಸಾಕು ಎಂದರ್ಥ. ಹೇಳದವನಿಗೆ ಮತ್ತೆ ತುಂಬುತ್ತಾರೆ.

“ನನ್ ಹೆಸ್ರು ಬಂದಿಲ್ಲ ಕಣೋ ಮಗಾ,” ಎಂದಳು ಎರ್ಮಿಂಡಾ, ಕೆಮ್ಮಿನ ನಡುವೆ. “ನನ್ನ ಆರೋಗ್ಯ ಅಷ್ಟು ಚೆನ್ನಾಗಿದೆಯೋ ಏನೋ.”

ಮರುದಿನ ಅನ್ಸೆಲ್ಮೊ ಕೋಷ್ಟಕ ತೆರೆದ. ಎರ್ಮಿಂಡಾ ಪಟ್ಟಿಯ ತಳದಲ್ಲಿರಲಿಲ್ಲ, ಎಲ್ಲಿಯೂ ಇರಲಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು, ಅಪ್ಪನದೊಂದು, ಅಮ್ಮನದೊಂದು. ಎರ್ಮಿಂಡಾಳ ಅಪ್ಪ ಅವಳನ್ನು ತನ್ನ ಮಗಳೆಂದು ಒಪ್ಪಿಕೊಳ್ಳಲೇ ಇಲ್ಲ. ಅವಳಿಗಿದ್ದದ್ದು ಅಮ್ಮನ ಹೆಸರು ಮಾತ್ರ. ಅದು ಮೊದಲ ಖಾನೆಗೆ ಹೋಗಿ, ಎರಡನೆಯ ಖಾನೆ ಖಾಲಿ. ವೀರನ ಆಜ್ಞೆ ಅಂಥವರನ್ನೆಲ್ಲ ಒಬ್ಬರನ್ನೂ ಬಿಡದೆ ಗುಡಿಸಿಹಾಕಿತ್ತು.

ಅವನು ಹೋಗಿ ತಿಳಿಸಿದಾಗ ಕಚೇರಿಯ ಮುಖ್ಯಸ್ಥೆ ಮಿರೆಯಾ ಉಗುರು ನೋಡಿಕೊಳ್ಳುತ್ತ ಪರಿಹಾರ ಹೇಳಿದಳು: “ಆ ಅಜ್ಜಿ ಖಾನೇಲಿ ಒಂದು ಚುಕ್ಕೆ ಇಡಪ್ಪ. ಒಂದು ಒಲೆ ಹೆಚ್ಚಿಗೆ ಇಟ್ಕೊಂಡಿದೀನಿ, ಕೊಟ್ಬಿಡೋಣ. ಊರಿಗೆಲ್ಲ ಡಂಗುರ ಸಾರ್ಬೇಕಾ?”

“ಉಳಿದೋರು, ಮೇಡಂ?”

“ಅವ್ರು ನಿನ್ನ ಪಕ್ಕದ ಮನೇಲಿದಾರಾ?”

ಅಂದು ಸಂಜೆ ಎರ್ಮಿಂಡಾ ಬಿಸಿಬಿಸಿ ಆಲೂಗಡ್ಡೆಯ ರೊಟ್ಟಿ, ಮಿಲ್ಕಾವ್, ಮುಂದಿಟ್ಟಳು. ಅವನು ಅದನ್ನು ತಿಂದು ಮುಗಿಸಿದ. ಧನ್ಯವಾದ ಹೇಳಲು ಬಾಯಿ ಬಾರದೆ ಅನ್ಸೆಲ್ಮೊ ಬುರುಡೆಯ ಮೇಲೆ ಬುರುಡೆ ಮಾಟೆ ಕುಡಿದ. ಕೊನೆಗೆ ಹೊಟ್ಟೆಯೋ ಆತ್ಮಸಾಕ್ಷಿಯೋ, ಯಾವುದು ಮೊದಲು ತುಂಬಿತೋ ತಿಳಿಯದು, ಎಲ್ಲವನ್ನೂ ಒದರಿದ.

ಎರ್ಮಿಂಡಾ ಒಲೆಗೆ ಸೌದೆ ತುರುಕಿದಳು. “ಹುಟ್ಟಿದಾಗ ಅಪ್ಪ ಕೈಬಿಟ್ಟ. ಈಗ ನೀನು. ಅವನಾದ್ರೂ ನನ್ ಮಿಲ್ಕಾವ್ ತಿಂದಿರ್ಲಿಲ್ಲ.”

ಅನ್ಸೆಲ್ಮೊನ ತಲೆ ಎದೆಗೆ ತಾಗಿತು. “ನಿಮಗೊಂದು ಒಲೆ ತೆಗೆದಿಟ್ಟಿದಾರೆ, ದೋನ್ಯಾ. ನಾಳೇನೇ ತರ್ತೀನಿ.”

“ನನ್ ಹಾಗೆ ಒಂದೇ ಹೆಸ್ರಿನವ್ರು ಇನ್ನೂ ಇದಾರಲ್ಲ, ಅವ್ರಿಗೆ?”

ಅವನು ಖಾಲಿ ಬುರುಡೆಯನ್ನು ಮುಂದೆ ಚಾಚಿದ.

“ಅವ್ರೇನು ಕೆಮ್ಮಲ್ವಾ? ಇಲ್ಲಿ ಕೂತು ಮೈ ಕಾಯಿಸ್ತಿದೀಯಲ್ಲ, ಎದ್ದೇಳೋ!”

ಬೆಳಿಗ್ಗೆ ಅನ್ಸೆಲ್ಮೊ ಆ ಆಜ್ಞೆಯನ್ನು ಅಳಿಸಿ, ವಯಸ್ಸು, ಕೆಮ್ಮು, ಒಲೆ ಇವಿಷ್ಟನ್ನೇ ನೋಡುವ ಹೊಸ ಸಾಲು ಬರೆದ. ಮಿರೆಯಾ ಎತ್ತಿಟ್ಟಿದ್ದ ಒಲೆಯನ್ನೂ ಲೆಕ್ಕಕ್ಕೆ ಸೇರಿಸಿದ. ಕಿತ್ತುಹೋದವರೆಲ್ಲ ಮೇಲೆದ್ದು ಬಂದರು. ಎರ್ಮಿಂಡಾ ಪಟ್ಟಿಯ ತುದಿಗೇ ಏರಿದಳು. ಆದರೆ ಒಲೆಗಳೇನು ಅಷ್ಟಕ್ಕೆ ಮರಿ ಹಾಕುವುದಿಲ್ಲವಲ್ಲ. ಕೆಲವರು ಮೇಲೆ ಬಂದರೆ ಕೆಲವರು ಕೆಳಗೆ ಜಾರಬೇಕು. ಜಾರಿದವರಲ್ಲಿ ಒಂದು ಹೆಸರು ಅವನ ಸ್ವಂತ ತಾಯಿಯದು.

ಬೆರಳು ಕೀಲಿಮಣೆಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಪಟ್ಟಿ ಮುದ್ರಿಸಿ, ‘ಹಿಂದಿನ ತಪ್ಪು ನನ್ನದು’ ಎಂದು ಕೆಳಗೆ ಸಹಿ ಹಾಕಿ, ತಾನೇ ಗೋಡೆಗೆ ಅಂಟಿಸಿದ. ಮಿರೆಯಾ ಅವನೊಡನೆ ಮಾತು ಬಿಟ್ಟಳು. ತಾಯಿ ಬಿಡಲಿಲ್ಲ.

“ಎರಡೆರಡು ಹೆಸ್ರು ಇಟ್ಕೊಂಡು ಹೊಗೆ ಕುಡೀತಿದೀನಿ,” ಎನ್ನುತ್ತಾಳೆ ಆಕೆ, ಕಣ್ಣೊರೆಸಿಕೊಳ್ಳುತ್ತ. “ಎಂಥಾ ಮಗನ್ನ ಹೆತ್ತೆ!”

ಆ ಮಾತಿನಿಂದ ತಪ್ಪಿಸಿಕೊಳ್ಳಲು ಅನ್ಸೆಲ್ಮೊ ಈಗಲೂ ಸಂಜೆ ಪಕ್ಕದ ಮನೆಗೇ ಓಡುತ್ತಾನೆ. ಹೊಸ ಒಲೆ ಹೊಗೆಯಿಲ್ಲದೆ ಉರಿಯುತ್ತದೆ. ಎರ್ಮಿಂಡಾ ಬುರುಡೆ ತುಂಬಿ ಕೊಡುತ್ತಾಳೆ. ಅವನು ಕುಡಿದು ಹಿಂತಿರುಗಿಸುತ್ತಾನೆ. ಧನ್ಯವಾದ ಹೇಳಲು ಇನ್ನೂ ಬಾಯಿ ಬಂದಿಲ್ಲ.

ಎರ್ಮಿಂಡಾ ಮತ್ತೆ ತುಂಬುತ್ತಾಳೆ.