ಅಕ್ಕನ ಕಾರಿನ ಬ್ಯಾಟರಿ

ಯಾರ ಹಂಗೂ ಇಲ್ಲದೆ ಓಡಾಡಬೇಕೆಂದು ಅಕ್ಕ ಟೀಚರ್ ಕೆಲಸದಿಂದ ನಿವೃತ್ತಿಯಾದ ವರ್ಷವೇ ಎಲೆಕ್ಟ್ರಿಕ್ ಕಾರು ಕೊಂಡಳು. ನಂಜನಗೂಡಿನ ಮನೆಯಲ್ಲಿ ಇರುವುದು ನಾವಿಬ್ಬರೇ. ಪ್ರತಿ ಗುರುವಾರ ಒಬ್ಬಳೇ ತಿ. ನರಸೀಪುರಕ್ಕೆ ಹೋಗಿ, ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟ ಮಾಡಿ ಬರುತ್ತಿದ್ದಳು. ಈಚೆಗೆ ವಾಪಸು ಬಂದಾಗ ಚಾರ್ಜ್ ತಳಕ್ಕೆ ಬಂದಿರುತ್ತಿತ್ತು.

ಬ್ಯಾಟರಿ ಕೆಟ್ಟಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಶೋರೂಮಿಗೆ ಫೋನ್ ಮಾಡಿ ಕೂಗಾಡಿದೆ. ಅವರು ತಣ್ಣಗೆ, "ಪುರಾವೆ ಇದ್ರೆ ತನ್ನಿ ಸಾ" ಎಂದರು. ಪುರಾವೆ ತಾನೇ, ಕೊಡುತ್ತೇನೆ ಎಂದು ಹಠ ಹಿಡಿದೆ.

ಕಾರಿನ ಓಡಾಟ, ಚಾರ್ಜು, ವೇಗ ಎಲ್ಲವನ್ನೂ ದಾಖಲಿಸುವ ಪ್ರೋಗ್ರಾಂ ಒಂದಿದೆ. ನಮ್ಮ ಓಡಾಟದ ವಿವರ ಯಾರದೋ ಕಂಪ್ಯೂಟರಿನಲ್ಲಿ ಬೇಡ, ಮನೆಯಲ್ಲೇ ಇರಲಿ ಎಂಬುದು ನನ್ನ ಪಟ್ಟು. ಮೂರು ಹಳೆಯ ಕಂಪ್ಯೂಟರ್‌ಗಳನ್ನು, ಒಂದು ನಿಂತರೆ ಇನ್ನೊಂದು ಕೆಲಸ ಎತ್ತಿಕೊಳ್ಳುವಂತೆ, ಕ್ಲಸ್ಟರ್ ಆಗಿ ಜೋಡಿಸಿದೆ. ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿ: ದಾಖಲಿಸುವುದು ಒಂದರಲ್ಲಿ, ನಕ್ಷೆ ಇನ್ನೊಂದರಲ್ಲಿ, ಡೇಟಾಬೇಸ್ ಮತ್ತೊಂದರಲ್ಲಿ.

"ಮೂರ್ ಮುದಿ ಕಂಪ್ಯೂಟ್ರು ಕಟ್ಕೊಂಡು ಸಂಸಾರ ಮಾಡ್ತಿದ್ದೀಯಲ್ಲೋ" ಎಂದು ಅಕ್ಕ ನಕ್ಕಳು.

ಮೊದಲ ವಾರ ಕರೆಂಟು ಹೋಗಿ ಬಂದಾಗ ಎಲ್ಲವೂ ತಾವಾಗಿ ಎದ್ದು ಕೂತವು, ದಾಖಲೆ ಮಾತ್ರ ಖಾಲಿ. ಡೇಟಾ ಉಳಿಯಲು ಡಿಸ್ಕಿನಲ್ಲಿ ಕಾಯಂ ಜಾಗವನ್ನೇ ಕೊಟ್ಟಿರಲಿಲ್ಲ. ನನ್ನನ್ನೇ ಬೈದುಕೊಂಡು ಸರಿಪಡಿಸಿದೆ.

ಎರಡು ಗುರುವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಕ್ಷೆ ತೆರೆದೆ. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಕಳೆದ ಗುರುವಾರ ಕಾರು ನರಸೀಪುರದ ದಾರಿಯ ಬಿಳಿಗೆರೆಯವರೆಗೆ ಸರಿಯಾಗಿ ಹೋಗಿ, ಹಿಂದಕ್ಕೆ ತಿರುಗಿ, ಎತ್ತಲೋ ಇರುವ ಚಿಕ್ಕಯ್ಯನಛತ್ರ ಮುಟ್ಟಿ, ಮತ್ತೆ ಬಿಳಿಗೆರೆಗೆ ಬಂದಿತ್ತು. ಅಲ್ಲೊಂದು ತಿರುವಿನಲ್ಲಿ ಐವತ್ತು ನಿಮಿಷ ನಿಂತಿತ್ತು. ನರಸೀಪುರಕ್ಕೆ ಹೋಗಿರಲೇ ಇಲ್ಲ. ಅದರ ಹಿಂದಿನ ಗುರುವಾರವೂ ಅದೇ ಕಥೆ. ಎರಡು ಸಲವೂ ಮನೆಗೆ ಬಂದು, "ಊಟ ಆಯ್ತು ಕಣೋ, ಚೆನ್ನಾಗಿ ಬಡಿಸಿದ್ರು" ಎಂದಿದ್ದಳು. ಹಸಿದುಕೊಂಡೇ ಹಾಗೆ ಹೇಳಿದ್ದಳು. ಶೋರೂಮಿನವರ ಮೇಲೆ ಕೂಗಾಡುವ ಬದಲು ಒಂದು ದಿನವಾದರೂ ಅವಳ ಮುಖ ಸರಿಯಾಗಿ ನೋಡಿದ್ದರೆ ಸಾಕಿತ್ತು.

ಅವಳು ಬೆನ್ನ ಹಿಂದೆಯೇ ನಿಂತು ನೋಡುತ್ತಿದ್ದಳು.

"ನಾನು ಓಗಿದ್ ದಾರಿಯೆಲ್ಲಾ ಬರ್ಕೊಂಡದಾ ಇದು?"

"ಊಂ ಕಣಕ್ಕ."

ಕುರ್ಚಿ ಎಳೆದುಕೊಂಡು ಕೂತಳು. ಆ ತಿರುವಿನ ಮೇಲೆ ಬೆರಳಿಟ್ಟಳು.

"ಇಲ್ಲಿ ನಿಂತಿದ್ನಲ್ಲ, ಆಗ ಎಲ್ಲಿಗ್ ಓಗ್ಬೇಕಿತ್ತು ಅಂತ ಇದ್ರಲ್ಲಿ ಬರ್ದದಾ ನೋಡೋ."

ನಿಂತ ಹೊತ್ತು ಇತ್ತು, ಚಾರ್ಜ್ ಇತ್ತು, ಹೊರಗಿನ ಬಿಸಿಲು ಎಷ್ಟು ಡಿಗ್ರಿ ಎನ್ನುವುದೂ ಇತ್ತು.

"ಇಲ್ಲ ಅಕ್ಕ" ಎಂದೆ.

ತಿರುವಿನ ಮೇಲಿಂದ ಬೆರಳು ತೆಗೆದಳು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು.

"ಈ ಗುರುವಾರ ನೀನೇ ಓಡ್ಸು. ನಾನು ಪಕ್ಕದಲ್ಲಿ ಕೂತ್ಕತೀನಿ. ದಾರಿ ಮಾತ್ರ ನನ್ನ ಕೇಳ್ಬೇಡ ಕಣೋ."